ನೋರಾಳ ಜೇಬಿನಲ್ಲಿದ್ದ ಪೊಟ್ಟಣ

ಪ್ರೀತಿಯ ತಂಗಿ,

ನಿನ್ನ ನಾಟಕವನ್ನು ಎರಡು ಸಲ ಓದಿದೆ. ಕೊನೆಯ ದೃಶ್ಯದಲ್ಲಿ ನಿನ್ನ ನಾಯಕಿ ‘ನಾನು ಯಾರು’ ಎಂದು ಎರಡು ಪುಟ ಮಾತಾಡುತ್ತಾಳೆ. ಒಂದೊಂದು ಮಾತೂ ನಿಜ. ಆದರೆ ಆ ಮಾತು ಅವಳ ಬಾಯಿಗೆ ಎಲ್ಲಿಂದ ಬಂತು ಅನ್ನುವುದು ಹಿಂದಿನ ದೃಶ್ಯಗಳಲ್ಲಿ ನನಗೆ ಸಿಗಲಿಲ್ಲ.

ನಾರ್ವೆಯ ನಾಟಕಕಾರ ಇಬ್ಸೆನ್‌ನ ‘ಎ ಡಾಲ್ಸ್ ಹೌಸ್’ ನಾಟಕವನ್ನು ಇನ್ನೊಮ್ಮೆ ತೆಗೆದು ಓದು. ಕೋಪನ್‌ಹೇಗನ್‌ನಲ್ಲಿ 1879ರ ಡಿಸೆಂಬರ್ 21ರಂದು ಅದರ ಮೊದಲ ಪ್ರದರ್ಶನವಾಯಿತು. ಕೊನೆಗೆ ಅದರ ನಾಯಕಿ ನೋರಾ ಮನೆಬಿಟ್ಟು ಹೋಗುವಾಗ ಕೇಳುವ ಬಾಗಿಲ ಸದ್ದಿನ ಬಗ್ಗೆ ಎಲ್ಲರೂ ಹೇಳುತ್ತಾರೆ. ನೀನು ಮೊದಲ ಪುಟ ನೋಡು. ಸಾಮಾನು ತಂದ ನೋರಾ ಜೇಬಿನಿಂದ ಪೊಟ್ಟಣ ತೆಗೆದು ಒಂದೆರಡು ಮ್ಯಾಕರೂನ್ ಬಾಯಿಗೆ ಹಾಕಿಕೊಳ್ಳುತ್ತಾಳೆ. ಒಳಗಿನಿಂದ ಗಂಡ ‘ನನ್ನ ಬಾನಾಡಿ, ನನ್ನ ಅಳಿಲು’ ಎಂದು ಮುದ್ದುಗರೆಯುತ್ತಾನೆ. ಅವನನ್ನು ಹೊರಗೆ ಕರೆಯುವ ಮುಂಚೆ ಅವಳು ಪೊಟ್ಟಣವನ್ನು ಮತ್ತೆ ಜೇಬಿಗೆ ಸೇರಿಸಿ ಬಾಯಿ ಒರೆಸಿಕೊಳ್ಳುತ್ತಾಳೆ. ಮೂರು ಮಕ್ಕಳ ತಾಯಿ, ಒಂದು ಸಿಹಿ ತಿಂದದ್ದನ್ನು ಬಚ್ಚಿಡುತ್ತಾಳೆ! ಅವಳು ಆ ಮನೆಯಲ್ಲಿ ಏನಾಗಿದ್ದಾಳೆ ಅನ್ನುವುದು ಅಷ್ಟರಲ್ಲೇ ತಿಳಿದುಹೋಗುತ್ತದೆ.

ದೊಡ್ಡ ಗುಟ್ಟು ಆಮೇಲೆ ಬರುತ್ತದೆ. ಹೆಂಡತಿ ಗಂಡನ ಒಪ್ಪಿಗೆಯಿಲ್ಲದೆ ಸಾಲ ಮಾಡುವಂತಿರಲಿಲ್ಲ. ಕಾಯಿಲೆಬಿದ್ದ ಗಂಡನನ್ನು ಇಟಲಿಗೆ ಕರೆದೊಯ್ಯಲು ನೋರಾ ಗುಟ್ಟಾಗಿ ಸಾಲ ಮಾಡಿ, ಜಾಮೀನಿಗೆ ಅಪ್ಪನ ರುಜುವನ್ನು ತಾನೇ ಹಾಕಿದ್ದಾಳೆ. ಅಪ್ಪ ತೀರಿಕೊಂಡದ್ದು ಸೆಪ್ಟೆಂಬರ್ 29. ರುಜುವಿನ ಪಕ್ಕದ ತಾರೀಖು ಅಕ್ಟೋಬರ್ 2. ಹೆಣ್ಣಿಗೊಂದು ನ್ಯಾಯ, ಗಂಡಿಗೊಂದು ನ್ಯಾಯ ಎಂದು ಯಾರೂ ಭಾಷಣ ಮಾಡಬೇಕಿಲ್ಲ. ಆ ಎರಡು ತಾರೀಖುಗಳೇ ಸಾಕು. ಕೊನೆಗೆ ಅವಳು ಕುಣಿತದ ವೇಷ ಕಳಚಿ, ದಿನದ ಉಡುಪು ತೊಟ್ಟು ಬಂದು ಗಂಡನನ್ನು ಎದುರಿಗೆ ಕೂರಿಸಿಕೊಳ್ಳುತ್ತಾಳೆ. ‘ಮೊದಲು ನಾನು ಮನುಷ್ಯಳು’ ಎಂಬ ಮಾತು ಅಲ್ಲಿ ಬರುತ್ತದೆ. ಅಷ್ಟು ಹೊತ್ತಿಗೆ ಆ ಮಾತನ್ನು ಅವಳು ಸಂಪಾದಿಸಿಕೊಂಡಿದ್ದಾಳೆ.

ಕೊನೆಯನ್ನು ಮೆತ್ತಗೆ ಮಾಡು ಎಂದು ಯಾರೋ ನಿನಗೆ ಹೇಳಿದರಂತೆ. ಇಬ್ಸೆನ್‌ಗೂ ಹೇಳಿದ್ದರು. ಜರ್ಮನಿಯಲ್ಲಿ ನೋರಾ ಪಾತ್ರ ಮಾಡಬೇಕಿದ್ದ ಹೆಡ್ವಿಗ್ ನೀಮನ್-ರಾಬೆ, ತಾನಾದರೆ ಮಕ್ಕಳನ್ನು ಬಿಟ್ಟುಹೋಗುವವಳಲ್ಲ ಎಂದು ಹಟ ಹಿಡಿದರು. ಬೇರೆ ಯಾರೋ ತಿದ್ದಿ ಕೆಡಿಸುವುದಕ್ಕಿಂತ ಮೇಲೆಂದು ಇಬ್ಸೆನ್ ತಾನೇ ಇನ್ನೊಂದು ಕೊನೆ ಬರೆದುಕೊಟ್ಟ. ಅದರಲ್ಲಿ ನೋರಾ ಮಕ್ಕಳ ಕೋಣೆಯ ಬಾಗಿಲಲ್ಲಿ ಕುಸಿಯುತ್ತಾಳೆ, ಹೋಗುವುದಿಲ್ಲ. ಅದು ನಾಟಕದ ಮೇಲೆ ನಡೆದ ಬರ್ಬರ ಹಿಂಸೆ ಎಂದು ಅವನೇ ಹೇಳಿದ. ನೀನು ಒಪ್ಪಬೇಡ.

ಇನ್ನೊಂದು ಮಾತು, ಇದು ನನ್ನನ್ನು ಬಹಳ ಕಾಡುತ್ತದೆ. ನೋರಾಳ ಹಿಂದೆ ಲಾರಾ ಕೀಲರ್ ಎಂಬ ನಿಜವಾದ ಹೆಣ್ಣುಮಗಳಿದ್ದಳು, ಇಬ್ಸೆನ್‌ನ ಪರಿಚಯದವಳು, ಸ್ವತಃ ಲೇಖಕಿ. ಗಂಡನ ಚಿಕಿತ್ಸೆಗೆ ಸಾಲ ಮಾಡಿದವಳನ್ನು ಆ ಗಂಡನೇ ಹುಚ್ಚಾಸ್ಪತ್ರೆಗೆ ಸೇರಿಸಿದ. ನಾಟಕ ಬಂದಮೇಲೆ ಅವಳ ಗಾಯವನ್ನು ಇನ್ನಷ್ಟು ಕೆದಕಿದಂತಾಯಿತು. ನಿನ್ನ ಕಥೆ ನಿನ್ನ ಚಿಕ್ಕಮ್ಮನದು ಎಂದು ಬರೆದಿದ್ದೀಯ. ಅವರ ಹತ್ತಿರ ಕೂತು ಓದಿ ಹೇಳಿದ್ದೀಯಾ? ಇಲ್ಲವಾದರೆ ಮೊದಲು ಆ ಕೆಲಸ ಮಾಡು.

ಆಮೇಲೆ ನಿನ್ನ ಮೂರನೇ ದೃಶ್ಯಕ್ಕೆ ಬಾ. ನಾಯಕಿ ಹಾಲಿನ ಲೆಕ್ಕದ ಪುಸ್ತಕವನ್ನು ಅಕ್ಕಿ ಡಬ್ಬಿಯ ಹಿಂದೆ ಇಡುತ್ತಾಳೆ. ನೀನು ಅದನ್ನು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀಯ. ಆ ಪುಸ್ತಕದಲ್ಲಿ ಏನಿದೆ? ಅದನ್ನು ಬರೆದು ಕಳಿಸು, ಕಾಯುತ್ತಿರುತ್ತೇನೆ.

ನಿನ್ನ ಅಕ್ಕ