ಟೆಕ್ಸಾಸಿನಲ್ಲಿ ಬೇಟೆಗೆ ಹೊರಟವನಿಗೆ ದೊಡ್ಡಪ್ಪನ ಪತ್ರ

ಚಿ. ಸುಧನ್ವನಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ.

ಆಫೀಸಿನವರು ಬೇಟೆಗೆ ಕರೆದಿದ್ದಾರೆ, ಹೋಗಲಾ ಬೇಡವಾ ಅಂತ ಕೇಳಿದ್ದೀಯ. ನಿನ್ನ ಅಪ್ಪನನ್ನು ಕೇಳಿದರೆ ಒಂದೇ ಮಾತಿಗೆ ಬೇಡ ಅಂತಾನೆ, ಅದಕ್ಕೇ ನನ್ನ ಹತ್ತಿರ ಬಂದಿದ್ದೀಯ. ನಾನು ಬೇಟೆಯೇ ಬೇಡ ಅನ್ನುವುದಿಲ್ಲ. ಆದರೆ ನೀನು ಕಳಿಸಿದ, ಎತ್ತರದ ಬೇಲಿಯೊಳಗೆ ಪ್ರಾಣಿ ಸಾಕಿ ದುಡ್ಡಿಗೆ ಬೇಟೆ ಆಡಿಸುವ ಆ ರ‍್ಯಾಂಚಿನ ದರಪಟ್ಟಿ ನೋಡಿದ ಮೇಲೆ, ಆ ಜಾಗಕ್ಕೆ ಮಾತ್ರ ಹೋಗಬೇಡ ಅನ್ನುತ್ತೇನೆ. ಫೋನಿನಲ್ಲಿ ಇಂಥ ಮಾತು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೆ ಕೂತು ಬರೆಯುತ್ತಿದ್ದೇನೆ.

ನಮ್ಮದು ಕೋವಿ ಇದ್ದ ಮನೆ ಅಂತ ನಿನಗೆ ಗೊತ್ತು. ತೀರ್ಥಹಳ್ಳಿ ಸೀಮೆಯಲ್ಲಿ ಆಗ ಅದೇನೂ ವಿಶೇಷವಲ್ಲ. ಭತ್ತ ಹಾಲುಗಟ್ಟುವ ಹೊತ್ತಿಗೆ ಹಂದಿ ಗದ್ದೆಗೆ ಇಳಿಯುತ್ತಿತ್ತು. ಒಂದು ರಾತ್ರಿಯಲ್ಲಿ ಒಂದು ಮನೆಯ ವರ್ಷದ ಅನ್ನ ಮಣ್ಣು ಪಾಲು. ಊರವರು ಸೇರಿ ಹಳು ಸೋಯುತ್ತಿದ್ದರು, ಅಂದರೆ ಪೊದೆಯಿಂದ ಪ್ರಾಣಿಯನ್ನು ಎಬ್ಬಿಸಿ ಓಡಿಸುತ್ತಿದ್ದರು. ಕೋವಿ ಇದ್ದವರು ಬಿಲ್ಲಿಗೆ, ಅಂದರೆ ಅದು ಹಾಯುವ ದಾರಿಯಲ್ಲಿ ಕಾದು, ಕೂರುತ್ತಿದ್ದರು. ಹಂದಿ ಬಿದ್ದರೆ ಸೋವಿಗೆ ಬಂದ ಪ್ರತಿಯೊಬ್ಬನಿಗೂ ಪಾಲು. ನಾಯಿಗೂ ಪಾಲು. ಬರಲಾಗದ ಮುದುಕಿಯರ ಮನೆಗೂ ಎಲೆಯಲ್ಲಿ ಕಟ್ಟಿ ಕಳಿಸುತ್ತಿದ್ದರು. ಬಹಳ ಸಲ ಹಂದಿ ಸೋವಿನವರ ನಡುವೆಯೇ ನುಗ್ಗಿ ಪಾರಾಗುತ್ತಿತ್ತು. ಬರಿಗೈಯಲ್ಲಿ ವಾಪಸ್ ಬಂದದ್ದೇ ಜಾಸ್ತಿ, ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. 1991ರ ತಿದ್ದುಪಡಿಯಲ್ಲಿ ಲೈಸೆನ್ಸ್ ಪಡೆದು ಆಡುವ ಬೇಟೆಗೂ ಬಾಗಿಲು ಹಾಕಿದರು. ಅದು ಸರಿಯಾದ ಕೆಲಸ ಅಂತಲೇ ನನ್ನ ಅಭಿಪ್ರಾಯ. ಕಾಡು ಅಷ್ಟು ಬರಿದಾಗಿತ್ತು. ನಿನ್ನ ಅಜ್ಜನ ಕೋವಿ ಈಗ ಆಯುಧಪೂಜೆಯ ದಿನ ಮಾತ್ರ ಹೊರಗೆ ಬರುತ್ತದೆ.

ಇನ್ನು ಆ ದರಪಟ್ಟಿಯ ವಿಷಯ. ಅದರಲ್ಲಿ ಎರಡು ಹೆಸರು ನೋಡಿ ನನಗೆ ಊಟ ಸೇರಲಿಲ್ಲ. ನಮ್ಮ ಚುಕ್ಕೆ ಜಿಂಕೆ, ನಮ್ಮ ಕೃಷ್ಣಮೃಗ. 1930ರ ದಶಕದಲ್ಲಿ ಇವನ್ನು ಟೆಕ್ಸಾಸಿಗೆ ತಂದು ಬಿಟ್ಟರಂತೆ. ಅಲ್ಲಿನ ಹವೆ ಒಗ್ಗಿತು, ಬೆಳೆದವು. ಹೊರದೇಶದ ಪ್ರಾಣಿ ಅಂತ ಅವಕ್ಕೆ ಅಲ್ಲಿ ಬೇಟೆಯ ಋತುವೂ ಇಲ್ಲ, ಇಷ್ಟೇ ಹೊಡೆಯಬೇಕು ಅನ್ನುವ ಮಿತಿಯೂ ಇಲ್ಲ. ಇಲ್ಲಿ ಕೃಷ್ಣಮೃಗ ಹೊಡೆದವನು ಜೈಲಿಗೆ ಹೋಗುತ್ತಾನೆ. ಅಲ್ಲಿ ಕೊಂಬಿನ ಉದ್ದ ನೋಡಿ ದರ ಹಾಕುತ್ತಾರೆ.

ಚಿಕ್ಕವನಿದ್ದಾಗ ನಿನ್ನನ್ನು ರಾಣೆಬೆನ್ನೂರಿಗೆ ಕರೆದುಕೊಂಡು ಹೋಗಿದ್ದೆ, ನೆನಪಿದೆಯೋ ಇಲ್ಲವೋ. 1974ರಲ್ಲಿ ಈ ಮೃಗಕ್ಕೆಂದೇ ಮಾಡಿದ ಅಭಯಾರಣ್ಯ ಅದು. ನೀಲಗಿರಿ ತೋಪಿನ ಅಂಚಿನಲ್ಲಿ ಹಿಂಡು ನಿಂತಿತ್ತು. ಕಪ್ಪು ಗಂಡು ಒಂದೇ, ತಿರುಚಿದ ಕೊಂಬು ಬೆನ್ನಿನ ಮೇಲೆ ಒರಗಿಸಿಕೊಂಡು, ಮೂತಿ ಮೇಲೆತ್ತಿ ಹೆಣ್ಣುಗಳ ಸುತ್ತ ಗತ್ತಿನಲ್ಲಿ ನಡೆಯುತ್ತಿತ್ತು. ಯಾರೋ ಜೀಪಿನ ಬಾಗಿಲು ಬಡಿದರು. ಮೊದಲು ಒಂದು ಹೆಣ್ಣು ನಿಂತಲ್ಲೇ ಮೇಲಕ್ಕೆ ಪುಟಿಯಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಕಣ್ಣು ಮಿಟುಕಿಸುವಷ್ಟರಲ್ಲಿ ಬಯಲು ಖಾಲಿ. ಆ ಪ್ರಾಣಿಗೆ ದೇವರು ಕೊಟ್ಟದ್ದು ಎರಡೇ, ದೂರ ಕಾಣುವ ಕಣ್ಣು ಮತ್ತು ಓಡುವ ಕಾಲು. ಎಂಟಡಿ ಎತ್ತರದ ತಂತಿ ಬೇಲಿಯೊಳಗೆ ಆ ಕಾಲಿಗೆ ಏನು ಕೆಲಸ? ಎಷ್ಟು ಓಡಿದರೂ ಬೇಲಿಯೇ ಸಿಗುತ್ತದೆ. ಅಂಥದ್ದನ್ನು ಹೊಡೆಯುವುದು ಕೊಟ್ಟಿಗೆಯಲ್ಲಿ ಕಟ್ಟಿದ ಕರುವಿಗೆ ಗುಂಡಿಟ್ಟ ಹಾಗೆ. ದುಡ್ಡು ಕೊಟ್ಟ ಮೇಲೆ ಸಿಕ್ಕೇ ಸಿಗುತ್ತದೆ ಅನ್ನುವ ಬೇಟೆ ನನಗೆ ಬೇಟೆಯಾಗಿ ಕಾಣುವುದಿಲ್ಲ.

ಇದು ನಮ್ಮ ಕಡೆಯವರ ಮಡಿವಂತಿಕೆ ಅಂತ ನಿನ್ನ ಸ್ನೇಹಿತರು ಹೇಳಬಹುದು. ಅವರ ದೇಶದ್ದೇ ಕಥೆ ಹೇಳು. 1902ರ ನವೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಥಿಯೋಡೋರ್ (ಟೆಡ್ಡಿ) ರೂಸ್‌ವೆಲ್ಟ್ ಮಿಸಿಸಿಪ್ಪಿಗೆ ಕರಡಿ ಬೇಟೆಗೆ ಹೋಗಿದ್ದರು. ಹೋಲ್ಟ್ ಕಾಲಿಯರ್ ಅನ್ನುವ ಹೆಸರಾಂತ ಬೇಟೆಗಾರ ನಾಯಿಗಳನ್ನು ಬಿಟ್ಟು ಒಂದು ಕರಡಿಯನ್ನು ಅಡ್ಡಗಟ್ಟಿ, ಮರಕ್ಕೆ ಕಟ್ಟಿಹಾಕಿ, ಹೊಡೆಯಿರಿ ಅಂತ ಅಧ್ಯಕ್ಷರನ್ನು ಕರೆಸಿದ. ರೂಸ್‌ವೆಲ್ಟ್ ಹೊಡೆಯಲಿಲ್ಲ. ಗಾಯಗೊಂಡಿದ್ದ ಆ ಕರಡಿ ನರಳದಿರಲಿ ಅಂತ ಚೂರಿಯಿಂದ ಮುಗಿಸಿಬಿಡಿ ಅಂದರು. ಅಂದರೆ ಕರಡಿ ಉಳಿಯಲಿಲ್ಲ. ಆದರೂ ಕಟ್ಟಿಹಾಕಿದ್ದನ್ನು ಹೊಡೆದು ಬೇಟೆ ಅಂತ ಹೇಳಿಕೊಳ್ಳಲು ಅವರಿಗೆ ಮನಸ್ಸು ಬರಲಿಲ್ಲ, ನೋಡು. ಮಕ್ಕಳ ಟೆಡ್ಡಿ ಬೇರ್ ಗೊಂಬೆಗೆ ಹೆಸರು ಬಂದದ್ದು ಆ ಘಟನೆಯಿಂದಲೇ. 1887ರಲ್ಲಿ ಅವರು ಕಟ್ಟಿದ ಬೇಟೆಗಾರರ ಸಂಘ ಬೂನ್ ಆ್ಯಂಡ್ ಕ್ರಾಕೆಟ್ ಕ್ಲಬ್ ಈಗಲೂ ಇದೆ. ತಪ್ಪಿಸಿಕೊಳ್ಳಲಾಗದ ಬೇಲಿಯೊಳಗೆ ಹೊಡೆದ ಪ್ರಾಣಿಯನ್ನು ಆ ಕ್ಲಬ್ಬಿನವರು ತಮ್ಮ ದಾಖಲೆಗೆ ಸೇರಿಸುವುದಿಲ್ಲ.

ರ‍್ಯಾಂಚಿನವರ ಪರವಾಗಿಯೂ ಒಂದು ಮಾತಿದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಪಾಕಿಸ್ತಾನದಲ್ಲಿ ಕೃಷ್ಣಮೃಗ ಪೂರ್ತಿ ನಾಶವಾದಾಗ, 1970ರಲ್ಲಿ ಟೆಕ್ಸಾಸಿನಿಂದಲೇ ಮೃಗಗಳನ್ನು ಕಳಿಸಿ ಅಲ್ಲಿ ಮತ್ತೆ ಬೆಳೆಸಿದರು. ಬಂದೂಕು, ತೋಟಾಗಳ ಮೇಲೆ ಹಾಕುವ ತೆರಿಗೆ 1937ರ ಕಾನೂನಿನ ಪ್ರಕಾರ ಅಮೆರಿಕದಲ್ಲಿ ವನ್ಯಜೀವಿ ಕೆಲಸಕ್ಕೇ ಹೋಗುತ್ತದೆ. ಬೇಟೆಗಾರರ ದುಡ್ಡಿನಿಂದ ಅಲ್ಲಿ ಕಾಡು ಉಳಿದಿದೆ ಅನ್ನುವುದು ಸುಳ್ಳಲ್ಲ. ನನಗೆ ಅದರ ಬಗ್ಗೆ ತಕರಾರಿಲ್ಲ. ಮೃಗ ಸಾಕಲಿ, ಸಂಖ್ಯೆ ಜಾಸ್ತಿಯಾದರೆ ಕಡಿಮೆಯೂ ಮಾಡಲಿ. ಆ ಕೆಲಸಕ್ಕೆ ನೀನು ದುಡ್ಡು ಕೊಟ್ಟು ಹೋಗಬೇಕಾಗಿಲ್ಲ, ಅಷ್ಟೇ.

ಟೈಮರ್ ಹಾಕಿದ ಡಬ್ಬಿಯಿಂದ ದಿನಾ ಹೊತ್ತಿಗೆ ಸರಿಯಾಗಿ ಜೋಳ ಉದುರಿಸಿ, ಎದುರಿಗೆ ಗೂಡು ಕಟ್ಟಿಕೊಂಡು ಕೂರುವುದು ಟೆಕ್ಸಾಸಿನಲ್ಲಿ ಮಾಮೂಲಂತೆ. ಇದನ್ನು ಬೇಲಿಯಷ್ಟು ಕಟುವಾಗಿ ಬೈಯಲಾರೆ. ನಮ್ಮಲ್ಲೂ ಹಣ್ಣು ಉದುರುವ ಮರದ ಕೆಳಗೆ ಮರಸು ಕೂರುತ್ತಿದ್ದರು, ಅಂದರೆ ಅಡಗಿ ಕಾಯುತ್ತಿದ್ದರು. ಆದರೆ ಮರ ಹಣ್ಣು ಬಿಡುವುದು ಯಾವಾಗ, ಗಾಳಿ ಯಾವ ಕಡೆಯಿಂದ, ಪ್ರಾಣಿ ಯಾವ ದಾರಿಯಲ್ಲಿ ಬರುತ್ತದೆ ಅಂತ ಓದಬೇಕಾಗಿತ್ತು. ಡಬ್ಬಿ ಸದ್ದಿಗೆ ಓಡಿಬರುವ ಜಿಂಕೆಯಲ್ಲಿ ಓದುವುದಕ್ಕೆ ಏನಿದೆ? ಮೇಲಾಗಿ ಒಂದೇ ಕಡೆ ಜಿಂಕೆಗಳು ಮೂತಿಗೆ ಮೂತಿ ತಾಗಿಸಿ ತಿಂದರೆ ರೋಗ ಹರಡುತ್ತದೆ. ಜಿಂಕೆಗಳ ಮಿದುಳು ತಿಂದು ಸೊರಗಿಸುವ ಒಂದು ಕಾಯಿಲೆ 2012ರಲ್ಲಿ ಟೆಕ್ಸಾಸಿನ ಕಾಡು ಜಿಂಕೆಯಲ್ಲಿ ಕಂಡಿತು, 2015ರಲ್ಲಿ ಜಿಂಕೆ ಸಾಕುವ ಫಾರ್ಮಿನಲ್ಲಿ ಕಂಡಿತು. ಅದಕ್ಕೆ ಮದ್ದಿಲ್ಲ.

ಹೆಲಿಕಾಪ್ಟರಿನಿಂದ ಹಂದಿ ಹೊಡೆಯುವುದಕ್ಕೆ ಅಲ್ಲಿ 2011ರಿಂದ ದುಡ್ಡು ಕೊಟ್ಟವರಿಗೂ ಅವಕಾಶ ಇದೆ. ಬೆಳೆ ಉಳಿಸಲು ಸರ್ಕಾರದವರು ಹಾರಿದರೆ ಅದೊಂದು ಕೆಲಸ ಅಂತ ಒಪ್ಪಬಹುದು. ಮಜಾಕ್ಕೆ ಟಿಕೆಟ್ ಕೊಂಡು ಹಾರುವವರ ಜೊತೆ ನೀನು ಸೇರಬೇಡ. 2005ರ ಸುಮಾರಿಗೆ ಅದೇ ಟೆಕ್ಸಾಸಿನಲ್ಲಿ ಒಬ್ಬ, ಮನೆಯಲ್ಲಿ ಕೂತು ಕಂಪ್ಯೂಟರ್ ಒತ್ತಿದರೆ ರ‍್ಯಾಂಚಿನಲ್ಲಿ ಬಂದೂಕು ಸಿಡಿಯುವ ಏರ್ಪಾಡು ಮಾಡಿದ್ದ. ಬೇಟೆಗಾರರೇ ಛೀ ಅಂದರು, ಸರ್ಕಾರ ನಿಷೇಧಿಸಿತು.

ರಾತ್ರಿ ಗಾಡಿಯಲ್ಲಿ ಹೋಗಿ ಲೈಟ್ ಬಿಟ್ಟು ಹೊಡೆಯುವುದು ನನಗೆ ಮೊದಲಿನಿಂದಲೂ ಆಗದ ಇನ್ನೊಂದು. ಬೆಳಕಿಗೆ ಪ್ರಾಣಿ ಕಣ್ಣು ಕೋರೈಸಿ ನಿಂತುಬಿಡುತ್ತದೆ. ನಮ್ಮ ದೇಶದಲ್ಲಿ ದಾಖಲಾದ ಕೊನೆಯ ಚೀತಾಗಳನ್ನು 1947ರಲ್ಲಿ ಈಗಿನ ಛತ್ತೀಸ್‌ಗಢದಲ್ಲಿದ್ದ ಕೊರಿಯಾ ಸಂಸ್ಥಾನದ ಮಹಾರಾಜರು ಹೊಡೆದದ್ದು ಹೀಗೇ. ರಾತ್ರಿ ವಾಹನದಲ್ಲಿ ಹೋಗುವಾಗ ಮೂರು ಗಂಡು ಚೀತಾ ಒಟ್ಟಿಗೆ ಕೂತಿದ್ದವು, ಮೂರನ್ನೂ ಅಲ್ಲೇ ಕೆಡವಿದರು. 1952ರಲ್ಲಿ ಸರ್ಕಾರ ಭಾರತದಲ್ಲಿ ಚೀತಾ ಇಲ್ಲವೆಂದು ಘೋಷಿಸಿತು. ಆ ಮೂರರ ಹೆಣದ ಹಿಂದೆ ಕೋವಿ ಹಿಡಿದು ನಿಂತ ಫೋಟೋ ಎಷ್ಟೋ ಕಡೆ ಅಚ್ಚಾಗಿದೆ. ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ತುಂಬಾ ದೂರದಿಂದ ಹೊಡೆಯುವ ಹುಚ್ಚು ಈಗ ಜಾಸ್ತಿಯಾಗಿದೆ ಅಂತ ನೀನೇ ಬರೆದಿದ್ದೀಯ. ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಸಾವಿರ ಗಜ ದಾಟಲು ಗುಂಡಿಗೆ ಒಂದು ಸೆಕೆಂಡಿಗೂ ಜಾಸ್ತಿ ಹೊತ್ತು ಬೇಕು. ಅಷ್ಟರಲ್ಲಿ ಪ್ರಾಣಿ ಒಂದು ಹೆಜ್ಜೆ ಮುಂದಿಟ್ಟರೆ ಎದೆಗೆ ಹೋಗಬೇಕಾದದ್ದು ಹೊಟ್ಟೆಗೆ ಹೋಗುತ್ತದೆ. ಹೊಟ್ಟೆಗೆ ಬಿದ್ದ ಈಡು ಅಂದರೆ ಏನು ಅಂತ ನಿನ್ನ ಅಜ್ಜನ ಜೊತೆ ಹಳುವಿನಲ್ಲಿ ನಡೆದವರಿಗೆ ಗೊತ್ತು. ಅಜ್ಜ ಈಡಾದ ಜಾಗಕ್ಕೆ ಹೋಗಿ ಮಂಡಿಯೂರಿ ಕೂತು, ನೆತ್ತರು ಬಿದ್ದ ಎಲೆಯನ್ನು ಕಿತ್ತು ಹೆಬ್ಬೆರಳಲ್ಲಿ ಉಜ್ಜುತ್ತಿದ್ದರು. ನಸುಗೆಂಪು, ನೊರೆ ನೊರೆ ಇದ್ದರೆ ಶ್ವಾಸಕೋಶಕ್ಕೆ ಬಿದ್ದಿದೆ, ಹತ್ತಿರದಲ್ಲೇ ಸಿಗುತ್ತದೆ. ಕಪ್ಪುಗೆಂಪು ಇದ್ದರೆ ಈಲಿಗೆ, ಅಂದರೆ ಯಕೃತ್ತಿಗೆ. ಹಸಿರು ಅಂಟು, ಹುಳಿ ವಾಸನೆ ಬಂದರೆ ಹೊಟ್ಟೆಗೆ. ಆಗ ಅವರ ಮುಖ ಸಣ್ಣದಾಗುತ್ತಿತ್ತು. ತಕ್ಷಣ ಬೆನ್ನು ಹತ್ತಿದರೆ ಪ್ರಾಣಿ ಎದ್ದು ಮೈಲುಗಟ್ಟಲೆ ಓಡುತ್ತದೆ, ಆದ್ದರಿಂದ ಗಂಟೆಗಟ್ಟಲೆ ಕಾಯಬೇಕು. ಆಮೇಲೆ ಒಂದೊಂದೇ ಹನಿ ಹುಡುಕುತ್ತಾ ಹೋಗಬೇಕು. ಕತ್ತಲಾದರೆ ಬೆಳಿಗ್ಗೆ ಮತ್ತೆ ಹೋಗಬೇಕು. ಉಂಬಳ ಕಚ್ಚಲಿ, ಮಳೆ ಬರಲಿ, ಗಾಯದ ಪ್ರಾಣಿಯನ್ನು ಬಿಟ್ಟು ಮನೆಗೆ ಬಂದು ಉಣ್ಣುವುದು ನಮ್ಮ ಮನೆಯಲ್ಲಿ ಇರಲಿಲ್ಲ. ಇಷ್ಟು ನಡೆಯಲು ತಯಾರಿಲ್ಲದವನು ಕೋವಿಯ ಕುದುರೆ (ಟ್ರಿಗರ್) ಎಳೆಯಬಾರದು. ಅರ್ಧ ಮೈಲಿ ಆಚೆಯಿಂದ ಹೊಡೆದು, ಬಿದ್ದಿತೋ ಇಲ್ಲವೋ ಅಂತ ದುರ್ಬೀನಿನಲ್ಲಿ ನೋಡಿ ಎದ್ದು ಹೋಗುವವರ ಜೊತೆ ನಿನ್ನನ್ನು ನೆನೆಸಿಕೊಳ್ಳಲೂ ನನಗೆ ಇಷ್ಟವಿಲ್ಲ.

ಗೋಡೆಗೆ ತೂಗುಹಾಕಲು ತಲೆ ಬೇಕು ಅಂತ ಹೊಡೆಯುವುದೂ ಬೇಡ. 2015ರಲ್ಲಿ ಜಿಂಬಾಬ್ವೆಯಲ್ಲಿ ಸೆಸಿಲ್ ಅನ್ನುವ ಸಿಂಹವನ್ನು ಅಮೆರಿಕದ ಬೇಟೆಗಾರನೊಬ್ಬ ಬಾಣದಿಂದ ಗಾಯಗೊಳಿಸಿದ. ಅದು ಎಷ್ಟೋ ಗಂಟೆ ನರಳಿದ ಮೇಲೆ ಮತ್ತೆ ಹೊಡೆದು ಕೊಂದರು. ತಿನ್ನದ ಪ್ರಾಣಿ, ಬೆಳೆ ಮುಟ್ಟದ ಪ್ರಾಣಿ, ಬರೀ ತಲೆಗಾಗಿ.

ಪರದೇಶದವರನ್ನೇ ಆಡಿಕೊಂಡೆ ಅಂತ ತಿಳಿಯಬೇಡ. ನಮ್ಮ ಊರಿನ ಸುತ್ತಮುತ್ತ ನಡೆಯುವುದು ಇದಕ್ಕಿಂತ ಕಡೆ. ಬೈಕಿನ ಬ್ರೇಕ್ ವೈರಿನಲ್ಲಿ ಉರುಳು ಕಟ್ಟಿ ಮರೆತು ಹೋಗುತ್ತಾರೆ. ಹಂದಿಗೆ ಇಟ್ಟದ್ದಕ್ಕೆ ಚಿರತೆ ಸಿಕ್ಕಿ, ಸೊಂಟಕ್ಕೆ ತಂತಿ ಕಚ್ಚಿ ಸಾಯುತ್ತದೆ. ಬೇಲಿಗೆ ಕರೆಂಟ್ ಕೊಡುತ್ತಾರೆ, ಆನೆ ಸಾಯುತ್ತದೆ, ಮನುಷ್ಯರೂ ಸಾಯುತ್ತಾರೆ. 2020ರಲ್ಲಿ ಕೇರಳದಲ್ಲಿ ಬಸುರಿ ಆನೆಯೊಂದು ಸಿಡಿಮದ್ದಿಟ್ಟ ಕಾಯಿ ಕಚ್ಚಿ, ಬಾಯಿ ಸೀಳಿಕೊಂಡು, ಹೊಳೆ ನೀರಿನಲ್ಲಿ ನಿಂತು ಸತ್ತಿತು. ಉರುಳು, ಮದ್ದು ಇಟ್ಟವನು ಅಲ್ಲಿ ಇರುವುದೂ ಇಲ್ಲ, ಯಾವುದು ಸತ್ತಿತು ಅಂತ ನೋಡುವುದೂ ಇಲ್ಲ. ನಾನು ಕಂಡ ಕೆಲಸಗಳಲ್ಲಿ ಇದಕ್ಕಿಂತ ಹೇಸಿಗೆಯದು ಇನ್ನೊಂದಿಲ್ಲ. ರಜೆಗೆ ಬಂದಾಗ ಯಾರಾದರೂ ಸುಮ್ನೆ ಒಂದು ರಾತ್ರಿ ಬಾ ಅಂತ ಕರೆದರೆ ಹೋಗಬೇಡ. ಕಾನೂನಿನ ಭಯಕ್ಕಷ್ಟೇ ಅಲ್ಲ.

ಹಾಗಾದರೆ ಯಾವ ಬೇಟೆಗೆ ಹೋಗಬಹುದು ಅಂತ ಕೇಳುತ್ತೀಯ. ಟೆಕ್ಸಾಸಿನಲ್ಲಿ ಕಾಡುಹಂದಿ ಇಪ್ಪತ್ತು ಲಕ್ಷಕ್ಕೂ ಜಾಸ್ತಿ ಇವೆ ಅಂತ ಅಂದಾಜು. ಅಲ್ಲಿನ ಮೂಲದ್ದಲ್ಲ, ಸ್ಪೇನಿನವರ ಕಾಲದಿಂದ ಬಂದು ತಪ್ಪಿಸಿಕೊಂಡ ಸಾಕು ಹಂದಿಯ ಸಂತಾನ. ಹೊಲ ಉತ್ತಂತೆ ಅಗೆಯುತ್ತವೆ. ಬೇಲಿ ಇಲ್ಲದ ಜಾಗದ ರೈತರು ಕರೆದರೆ, ನಡೆದು, ಗಾಳಿಗೆ ಎದುರಾಗಿ ಹೋಗಿ, ಹತ್ತಿರದಿಂದ ಒಂದೇ ಈಡಿಗೆ ಮುಗಿಯುವ ಹಾಗಿದ್ದರೆ ಹೊಡಿ. ಮರಿಗಳ ಜೊತೆ ಇರುವ ತಾಯಿಯನ್ನು ಬಿಡು. ನಿನ್ನ ಸ್ನೇಹಿತರು ಹಂದಿ ವಿಷಯದಲ್ಲಿ ಇದನ್ನು ಒಪ್ಪಲಿಕ್ಕಿಲ್ಲ, ಸಂಖ್ಯೆ ಇಳಿಯಬೇಕಾದರೆ ತಾಯಿಯನ್ನೇ ಹೊಡೆಯಬೇಕು ಅನ್ನುತ್ತಾರೆ. ಲೆಕ್ಕದಲ್ಲಿ ಅವರು ಸರಿ ಇರಬಹುದು. ಆ ಲೆಕ್ಕವನ್ನು ಅವರೇ ನೋಡಿಕೊಳ್ಳಲಿ, ನೀನು ಕೈ ಹಾಕಬೇಡ.

ಕಾನೂನಿನ ಒಂದು ವಿಷಯ ಸರಿಯಾಗಿ ತಿಳಿದುಕೋ. ಖಾಸಗಿ ಜಮೀನಿನಲ್ಲಿ ಹಂದಿ ಹೊಡೆಯಲು 2019ರಿಂದ ಅಲ್ಲಿ ಲೈಸೆನ್ಸ್ ಬೇಡ ಅಂತ ಸ್ನೇಹಿತರು ಹೇಳಿದ್ದು ನಿಜ. ಆದರೆ ನೀನಿರುವುದು ಎಚ್-1ಬಿ ವೀಸಾದಲ್ಲಿ. ಅಂಥವರ ಕೈಯಲ್ಲಿ ಬಂದೂಕು, ತೋಟಾ ಇರುವುದೇ ಅಮೆರಿಕದ ಕೇಂದ್ರ ಕಾನೂನಿನಲ್ಲಿ ಅಪರಾಧ. ಬೇಟೆಯ ಲೈಸೆನ್ಸ್ ಇದ್ದವರಿಗೆ ಅದರಲ್ಲಿ ವಿನಾಯಿತಿ ಇದೆ. ಆದ್ದರಿಂದ ಹಂದಿಗೆ ಬೇಡವಾದರೂ ನಿನಗೆ ಲೈಸೆನ್ಸ್ ಬೇಕೇ ಬೇಕು. ಮುಟ್ಟುವ ಮೊದಲೇ ಮಾಡಿಸು, ಅಲ್ಲಿನ ವಕೀಲರನ್ನೂ ಒಂದು ಮಾತು ಕೇಳು. 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಬೇಟೆ ಶಿಕ್ಷಣದ ಕೋರ್ಸ್ ಕಡ್ಡಾಯ. ಅದನ್ನು ನೆಪಕ್ಕೆ ಮುಗಿಸಬೇಡ, ಮನಸ್ಸಿಟ್ಟು ಕಲಿ.

ಹಂದಿ ಬಿದ್ದರೆ ಕತ್ತರಿಸುವಾಗ ಕೈಗೆ ಗ್ಲೌಸ್ ಹಾಕಿಕೋ. ಅಲ್ಲಿನ ಕಾಡುಹಂದಿಯಲ್ಲಿ ಬ್ರುಸೆಲ್ಲಾ ಸೋಂಕು ಇರುತ್ತದೆ, ಗಾಯದ ಮೂಲಕ ಮನುಷ್ಯರಿಗೂ ಬರುತ್ತದೆ. ಮಾಂಸ ಚೆನ್ನಾಗಿ ಬೇಯಬೇಕು, ಒಳಗೆ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಎಸೆಯಬೇಡ. ಜೊತೆಗೆ ಬಂದವರಿಗೆಲ್ಲ ಪಾಲು ಕೊಡು, ಜಮೀನಿನ ರೈತನಿಗೆ ಮೊದಲು. ಹಂದಿ ಸಾರಿಗೆ ನಿನ್ನ ದೊಡ್ಡಮ್ಮ ಕಾಚಂಪುಳಿಯ (ಕೊಡಗಿನ ಹುಳಿ ರಸ) ಒಂದು ಸಣ್ಣ ಬಾಟಲಿ ಎತ್ತಿಟ್ಟಿದ್ದಾಳೆ, ಮುಂದಿನ ತಿಂಗಳು ಬರುವವರ ಕೈಲಿ ಕಳಿಸುತ್ತೇವೆ.

ಹೋಗುವುದು ಯಾವಾಗ, ಯಾರ ಜಮೀನಿಗೆ ಅಂತ ಮೊದಲೇ ತಿಳಿಸು.

ಇಂತಿ ನಿನ್ನ
ದೊಡ್ಡಪ್ಪ