ವಂಶಾವಳಿ ಸೊಸೈಟಿಗೆ ದುಡ್ಡು ಕಟ್ಟೋ ಮುಂಚೆ: ಲಂಡನ್ನಲ್ಲಿರೋ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ವಾಯ್ಸ್ ಮೆಸೇಜ್ ಕೇಳ್ದೆ. ಮಗಳು ಸ್ಕೂಲಿಗೆ ಫ್ಯಾಮಿಲಿ ಟ್ರೀ ಬರ್ಕೊಂಡು ಹೋಗ್ಬೇಕು ಅಂದಾಗಿಂದ ನಿಂಗೂ ಇದೇ ಧ್ಯಾನ ಆಗಿದೆ, ಅಲ್ಲಿನ ಸೊಸೈಟಿಗೆ ಮೆಂಬರ್ ಆಗ್ಲಾ ಬೇಡ್ವಾ ಅಂತ ಕೇಳ್ತಿದ್ಯ. ನಂಗನ್ಸೋದು ಹೇಳ್ತೀನಿ, ನಿನ್ನ ಹೆಂಡ್ತಿ ಕಡೆ ಹುಡುಕೋಕಾದ್ರೆ ಸೇರ್ಬಹುದು, ಅದೂ ಬೇರೆ ಸೊಸೈಟಿಗೆ, ನಿಮ್ಮಪ್ಪನ ಕಡೆ ಹುಡುಕೋಕಾದ್ರೆ ಒಂದು ಪೌಂಡೂ ಕಟ್ಬೇಡ.

ನೀನು ಹೇಳಿದ ಸೊಸೈಟಿ ಆಫ್ ಜೀನಿಯಾಲಜಿಸ್ಟ್ಸ್ 1911ರಿಂದ ಇರೋದು, ಒಳ್ಳೇ ಲೈಬ್ರರಿ, ಆದ್ರೆ ಅಲ್ಲಿರೋದು ಬಹುಪಾಲು ಬ್ರಿಟನ್ನಿನ ಊರೂರಿನ ಚರ್ಚ್ ರಿಜಿಸ್ಟರು, ಉಯಿಲು, ಸಮಾಧಿ ಕಲ್ಲಿನ ಬರಹ ಇಂಥವು. ಸಿರಾ ತಾಲೂಕಿನ ನಿಮ್ಮ ಮುತ್ತಜ್ಜ ಅದ್ರೊಳಗೆ ಎಲ್ಲಿಂದ ಸಿಗ್ಬೇಕು?

ನಿನ್ನ ಹೆಂಡ್ತಿ ಕಡೆ ವಿಷ್ಯ ಬೇರೆ. ಅವ್ರ ತಾತ ಕೆಜಿಎಫಲ್ಲಿ ಹುಟ್ಟಿದ ಆಂಗ್ಲೋ ಇಂಡಿಯನ್ನು, ಆ ತಾತನ ಅಪ್ಪ ಗಣಿ ಕೆಲಸಕ್ಕೆ ಇಂಗ್ಲೆಂಡಿನ ಕಾರ್ನ್‌ವಾಲಿಂದ ಬಂದೋರು ಅಂತ ನೀನೇ ಹೇಳಿದ್ದೆ. ಜಾನ್ ಟೇಲರ್ ಅನ್ನೋ ಬ್ರಿಟಿಷ್ ಕಂಪ್ನಿ 1880ರಲ್ಲಿ ಅಲ್ಲಿನ ಚಿನ್ನದ ಗಣಿ ಕೈಗೆ ತಗೊಂಡ ಮೇಲೆ ಆ ಕಡೆಯಿಂದ ಎಷ್ಟೋ ಜನ ಬಂದು ಚಾಂಪಿಯನ್ ರೀಫ್, ಊರ್ಗಾಂ, ಮಾರಿಕುಪ್ಪಂ ಸುತ್ತ ಮನೆ ಮಾಡಿದ್ರಲ್ಲ, ಅಂಥೋರಿಗೇ ಅಂತ 1998ರಲ್ಲಿ ಶುರುವಾದ ಸೊಸೈಟಿ ಒಂದಿದೆ, ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿ, ಫಿಬಿಸ್ ಅಂತಾರೆ. ಅವ್ರ ಡೇಟಾಬೇಸಲ್ಲಿ ಹುಡುಕೋಕೆ ಮೆಂಬರ್ ಆಗ್ಬೇಕಂತಿಲ್ಲ, ಫ್ರೀ, ಮೊದ್ಲು ಅಲ್ಲಿ ಅವ್ರ ಸರ್‌ನೇಮ್ ಹಾಕಿ ನೋಡು, ಏನಾದ್ರೂ ಸಿಕ್ತು ಅಂದ್ರೆ ಆಮೇಲೆ ಸೇರು. ನಿಂಗೆ ಬೇಕಾಗಿರೋದು ಇಂಥದ್ರಲ್ಲೇ ಪಳಗಿದ ಜನ, ಚಂದಾ ಕೊಡೋದು ಅವ್ರ ಒಡನಾಟಕ್ಕೆ ಅಂತ ತಿಳ್ಕೋ. ಇನ್ನೊಂದು, ಆಗ ಇಲ್ಲಿನ ಚರ್ಚುಗಳ ರಿಜಿಸ್ಟರ್ ನಕಲು ಲಂಡನ್ನಿಗೆ ಹೋಗ್ತಿತ್ತು, ಈಗ ಬ್ರಿಟಿಷ್ ಲೈಬ್ರರೀಲಿದೆ, ಮದ್ರಾಸ್ ಕಡೇದು ಎನ್/2 ಅನ್ನೋ ಸಾಲಲ್ಲಿ. ಮಗು ಬ್ಯಾಪ್ಟಿಸಮ್ಮಿನ ಒಂದೇ ಎಂಟ್ರೀಲಿ ಅಪ್ಪ ಅಮ್ಮನ ಹೆಸ್ರು, ಅಪ್ಪನ ಕೆಲ್ಸ, ಎಲ್ಲಿ ವಾಸ ಎಲ್ಲಾ ಇರುತ್ತೆ. ಎಲ್ಲಾ ಚರ್ಚಿನ ನಕಲೂ ಹೋಗಿಲ್ಲ, ಅಲ್ಲಿ ಸಿಗ್ಲಿಲ್ಲ ಅಂದ್ರೆ ಕೆಜಿಎಫ್ ಚರ್ಚಲ್ಲೇ ವಿಚಾರಿಸ್ಬೇಕು, ಅದು ನಂಗೆ ಬಿಡು.

ಇನ್ನು ನಿಮ್ಮಪ್ಪನ ಕಡೆ. ಇದಕ್ಕೆ ಪೌತಿ ಖಾತೆನೇ ಗತಿ ಕಣೋ. ಯಜಮಾನ ತೀರ್ಕೊಂಡಾಗ ಜಮೀನು ಮಕ್ಕಳ ಹೆಸ್ರಿಗೆ ಆಗಿರುತ್ತಲ್ಲ, ಆ ಮ್ಯುಟೇಶನ್ ಪೇಜು ತಾಲೂಕಾಫೀಸ್ ರೆಕಾರ್ಡ್ ರೂಮಲ್ಲಿ ಸಿಕ್ಬಿಟ್ರೆ, ಇಂಥೋರು ತೀರ್ಕೊಂಡ್ರು, ಇಂತಿಂಥೋರು ವಾರಸುದಾರರು ಅಂತ ಒಂದೇ ಹಾಳೇಲಿ ಎರಡು ತಲೆಮಾರು. ಆ ಹೆಸ್ರು ಹಿಡ್ಕೊಂಡು ಹಿಂದಿನ ಪೌತಿ, ಅದರ ಹಿಂದಿಂದು, ಹಿಂಗೇ ಹೋಗ್ತಾ ಇರೋದು.

ಅದಕ್ಕಿಂತ ಹಿಂದಕ್ಕೆ ಹೋಗ್ಬೇಕು ಅಂದ್ರೆ ಹೆಳವರು, ಊರೂರಿಗೆ ಬಂದು ಮನೆತನಗಳ ವಂಶಾವಳಿ ಓದಿ, ಬರೆದಿಡೋ ಜನ. ಹೋದ ಸುಗ್ಗೀಲಿ ನಮ್ಮೂರಿಗೆ ಬಂದಿದ್ರು, ಮೊದ್ಲೆಲ್ಲಾ ಎತ್ತಿನ ಮೇಲೆ ಗಂಟೆ ಹಿಡ್ಕೊಂಡು ಬರೋರು, ಈ ಸಲ ಬೈಕಲ್ಲಿ ಬಂದ್ರು. ಜಗಲಿ ಮೇಲೆ ಕೂತು ಬಟ್ಟೆ ಗಂಟು ಬಿಚ್ಚಿ ದಪ್ಪ ಪುಸ್ತಕ ತೆಗೆದ್ರು ನೋಡು, ನಮ್ಮ ಮೂಲ ಊರು, ಅಲ್ಲಿಂದ ಎದ್ದು ಬಂದ ಕಥೆ, ಬೆಡಗು ಅಂದ್ರೆ ಗೋತ್ರದಂಥ ಕುಲದ ಹೆಸ್ರು, ಮನೆದೇವ್ರು, ಆಮೇಲೆ ಅಜ್ಜನ ಅಜ್ಜನಿಂದ ಹಿಡಿದು ಒಂದೊಂದೇ ಹೆಸ್ರು ರಾಗವಾಗಿ ಓದ್ತಾ ಬಂದು ನಮ್ಮಪ್ಪನ ಹೆಸ್ರಿಗೆ ಬಂದಾಗ ಅಪ್ಪ ಎದ್ದು ನಿಂತ್ಬಿಟ್ರು ಕಣೋ. ಅಣ್ಣನ ಮೊಮ್ಮಗೂಗೆ ಏನ್ ಹೆಸ್ರಿಟ್ರಿ ಅಂತ ಕೇಳಿ ಅಲ್ಲೇ ಕೆಳಗಡೆ ಬರ್ಕೊಂಡ್ರು. ರಾಗಿ, ಪಂಚೆ, ದಕ್ಷಿಣೆ ಕೊಟ್ಟು ಕಳಿಸಿದ್ವಿ. ಯಾವ ಊರಿನ ಯಾವ ಮನೆತನ ಯಾರ ಪಾಲಿಗೆ ಅಂತ ಅವ್ರಲ್ಲೇ ಹಂಚಿಕೆ ಇರುತ್ತೆ, ನಿಮ್ಮನೆ ಲೆಕ್ಕ ಯಾರ ಹತ್ರ ಇದೆ ಅಂತ ವಿಚಾರಿಸೋಕೆ ಹೇಳಿದೀನಿ. ಮೆಂಬರ್‌ಶಿಪ್ಪಿಗೆ ಅಂತ ಇಟ್ಟಿದ್ಯಲ್ಲ ದುಡ್ಡು, ಅದನ್ನ ಅವ್ರಿಗೆ ಕೊಡು, ಎಷ್ಟೋ ಕಡೆ ಅವ್ರ ಮಕ್ಕಳು ಈ ಕಸುಬು ಬಿಡ್ತಿದಾರೆ, ಪುಸ್ತಕ ಮುಂದಕ್ಕೆ ಬರಿಯೋರು ಇಲ್ದಂಗಾದ್ರೆ ನಮ್ಮಂಥೋರಿಗೆ ಇನ್ಯಾರೂ ದಿಕ್ಕಿಲ್ಲ.

ನಂಗೆ ಸಂಕಟ ಆಗೋದು ಒಂದೇ ವಿಷ್ಯಕ್ಕೆ. ಆ ಪುಸ್ತಕದಲ್ಲಿ ನಮ್ಮತ್ತೆಯರ ಹೆಸ್ರು ಇರ್ಲಿಲ್ಲ. ಹಳೇ ಪೌತೀಲೂ ಅಷ್ಟೆ, ಗಂಡುಮಕ್ಕಳ ಹೆಸ್ರೇ ಜಾಸ್ತಿ, ನಮ್ಮ ರಾಜ್ಯದಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ ಕಾನೂನು ಬಂದಿದ್ದೇ 1994ರಲ್ಲಿ. ಹಂಗಾಗಿ ನಿಮ್ಮಜ್ಜಿ ತವರು ಯಾವುದು, ಮುತ್ತಜ್ಜಿ ಹೆಸ್ರೇನು ಅನ್ನೋದು ಲಂಡನ್ನಲ್ಲೂ ಇಲ್ಲ, ತಾಲೂಕಾಫೀಸಲ್ಲೂ ಇಲ್ಲ, ನಿಮ್ಮ ದೊಡ್ಡತ್ತೆ ತಲೇಲಿದೆ. ಅವ್ರಿಗೆ ಈ ಭಾನುವಾರನೇ ಫೋನ್ ಮಾಡು, ರೆಕಾರ್ಡಿಂಗ್ ಹಾಕ್ಕೊಂಡೇ ಮಾತಾಡು, ಹೆಸ್ರು ಏನು ಅಂತ ಸೀದಾ ಕೇಳಿದ್ರೆ ನೆನಪಾಗಲ್ಲ ಅವ್ರಿಗೆ, ಯಾರ ಮದ್ವೆ ಎಲ್ಲಾಯ್ತು, ಯಾರ ಬಾಣಂತನಕ್ಕೆ ಯಾರು ಬಂದಿದ್ರು ಅಂತ ಕೇಳು, ತಾನಾಗೇ ಬರುತ್ತೆ.

ಇನ್ನೊಂದು ಮರೆತಿದ್ದೆ, ಆನ್‌ಲೈನ್ ಟ್ರೀ ಮಾಡಿದ್ರೆ ಬದುಕಿರೋರ ಹುಟ್ಟಿದ ತಾರೀಖು, ಅವ್ರಮ್ಮನ ಹೆಸ್ರು ಎಲ್ರಿಗೂ ಕಾಣೋ ಹಂಗೆ ಹಾಕ್ಬೇಡ, ಬ್ಯಾಂಕಿನೋರು ಗುರುತಿಗೆ ಕೇಳೋದೇ ಅದನ್ನ.

ನಿಮ್ಮ ಜಮೀನಿನ ಸರ್ವೆ ನಂಬರು, ಹಳೇ ಪಹಣಿ ಇದ್ರೆ ಫೋಟೋ ತೆಗೆದು ವಾಟ್ಸಾಪ್ ಮಾಡು. ಮುಂದಿನ ವಾರ ಸಿರಾ ಕಡೆ ಹೋಗ್ತಿದೀನಿ, ಪೌತಿ ಪೇಜಿಗೆ ನಕಲು ಅರ್ಜಿ ಕೊಟ್ಟು ಬರ್ತೀನಿ.

ನಿನ್ನ ಗೆಳೆಯ