ಡಿಗ್ರಿ ಮುಗಿಸಿಯೇ ಬಾ, ಪುಟ್ಟಿ

ಚಿ. ಪುಟ್ಟಿಗೆ ಅಮೆರಿಕದ ಕಾನ್‌ಕಾರ್ಡ್‌ನಿಂದ ನಿನ್ನ ಮಾವನ ಆಶೀರ್ವಾದಗಳು.

ನಿನ್ನ ಮೆಸೇಜ್ ಓದಿದೆ. ಕೊನೇ ವರ್ಷದ ಮೆಕ್ಯಾನಿಕಲ್ ಬಿಟ್ಟು ರೇಸಿಂಗ್‌ಗೆ ಇಳಿಯುತ್ತೇನೆ ಅಂತೀಯ. ಇಲ್ಲಿನ ನಾಸ್ಕಾರ್ ಕಾರ್ ರೇಸುಗಳ ಡ್ರೈವರ್ ಡೇಲ್ ಅರ್ನ್‌ಹಾರ್ಟ್ ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟು ಏಳು ಸಲ ಚಾಂಪಿಯನ್ ಆಗಲಿಲ್ವಾ ಅಂತ ನನ್ನನ್ನೇ ಕೇಳಿದ್ದೀಯ. ಆದ, ನಿಜ. ಅವನು ಹುಟ್ಟಿದ ಕನ್ನಾಪೊಲಿಸ್ ನಮಗೆ ಪಕ್ಕದ ಊರೇ. ಆದರೆ ಅವನ ಅಪ್ಪ ರಾಲ್ಫ್ ಕೂಡ ರೇಸ್ ಡ್ರೈವರ್. ಮನೆ ಹಿಂದಿನ ಗ್ಯಾರೇಜಿನಲ್ಲಿ ತಾನೇ ಕಾರು ಕಟ್ಟುತ್ತಿದ್ದವನು. ಮಗ ಶಾಲೆ ಬಿಟ್ಟಿದ್ದಕ್ಕೆ ಆ ಅಪ್ಪನೂ ಒಪ್ಪಿರಲಿಲ್ಲ. ಡೇಲ್‌ಗೆ ವರ್ಕ್‌ಶಾಪ್ ಮನೆಯಲ್ಲೇ ಇತ್ತು. ನಿನಗೆ ಅದು ಇರೋದು ಕಾಲೇಜಿನಲ್ಲಿ.

ಹುಡುಗಿಗೆ ಯಾಕೆ ಇದೆಲ್ಲ ಅಂತ ನಿಮ್ಮಪ್ಪ ಅಂದರಂತೆ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಾಸ್ಕಾರ್‌ನ ಅತಿ ದೊಡ್ಡ ರೇಸ್ ಡೇಟೋನಾ 500. 2013ರಲ್ಲಿ ಅದನ್ನು ಎಲ್ಲರಿಗಿಂತ ಮುಂದೆ ನಿಂತು ಶುರು ಮಾಡಿದ್ದು ಒಬ್ಬ ಹೆಣ್ಣುಮಗಳು, ಡ್ಯಾನಿಕಾ ಪ್ಯಾಟ್ರಿಕ್. ಭಾವನಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ.

ನೀನು ಈ ಚಾಂಪಿಯನ್‌ಗಳ ವೇಗ ನೋಡುತ್ತೀಯ, ಧೈರ್ಯ ನೋಡುತ್ತೀಯ. ಅವರ ಲೆಕ್ಕವನ್ನೂ ಸ್ವಲ್ಪ ನೋಡು. ರಿಚರ್ಡ್ ಪೆಟ್ಟಿ 200 ರೇಸ್ ಗೆದ್ದವನು. 1967ರಲ್ಲಿ ಒಂದೇ ವರ್ಷ 27 ಗೆಲುವು, ಅದರಲ್ಲಿ ಹತ್ತು ಒಂದರ ಹಿಂದೆ ಒಂದು. ಅಂಥವನಿಗೂ 1959ರಲ್ಲಿ ಅಟ್ಲಾಂಟಾದ ಲೇಕ್‌ವುಡ್‌ನಲ್ಲಿ ಏನಾಯಿತು ಗೊತ್ತಾ? ಅವನೇ ಗೆದ್ದ ಅಂತ ಬಾವುಟ ಬೀಸಿದರು. ತಕರಾರು ತೆಗೆದದ್ದು ಬೇರೆ ಯಾರೂ ಅಲ್ಲ, ಅದೇ ರೇಸಿನಲ್ಲಿ ಓಡಿಸಿದ ಅವನ ಅಪ್ಪ ಲೀ ಪೆಟ್ಟಿ. ಲ್ಯಾಪ್, ಅಂದರೆ ಟ್ರ್ಯಾಕಿನ ಸುತ್ತು, ಎಣಿಸಿದ್ದು ತಪ್ಪಾಗಿದೆ, ಮತ್ತೆ ನೋಡಿ ಅಂದ. ನೋಡಿದರು. ಅಪ್ಪನೇ ಗೆದ್ದಿದ್ದ. ಮಗನ ಮೊದಲ ಗೆಲುವು ಮುಂದಿನ ವರ್ಷಕ್ಕೆ ಹೋಯಿತು. ಮಗನಿಗಾದರೂ ಲೆಕ್ಕ ಲೆಕ್ಕವೇ!

1976ರ ಡೇಟೋನಾ 500ರ ಕೊನೇ ಲ್ಯಾಪಿನ ವಿಡಿಯೋ ನೀನು ನೋಡಿರುತ್ತೀಯ. ಇನ್ನೊಂದು ಸಲ ನಿಧಾನವಾಗಿ ನೋಡು. ಕೊನೇ ತಿರುವು ದಾಟುವಾಗ ಪೆಟ್ಟಿ, ಡೇವಿಡ್ ಪಿಯರ್ಸನ್ ಇಬ್ಬರ ಕಾರೂ ತಾಗಿ, ಗೋಡೆಗೆ ಬಡಿದು, ಗಿರ್ರನೆ ತಿರುಗಿದವು. ಪೆಟ್ಟಿಯ ಕಾರು ಮುಕ್ತಾಯದ ಗೆರೆಗೆ ತೀರಾ ಹತ್ತಿರ ನಿಂತಿತು, ಆದರೆ ಇಂಜಿನ್ ಆಫ್. ಪಿಯರ್ಸನ್ ಮಾತ್ರ ಕಾರು ತಿರುಗುತ್ತಿರುವಾಗಲೇ ಕ್ಲಚ್ ಒತ್ತಿ ಹಿಡಿದಿದ್ದ. ಅದಕ್ಕೇ ಅವನ ಇಂಜಿನ್ ಓಡುತ್ತಲೇ ಇತ್ತು. ಮುಂಭಾಗ ನಜ್ಜುಗುಜ್ಜಾದ ಕಾರನ್ನು ಹುಲ್ಲಿನ ಮೇಲಿಂದ ತೆವಳಿಸಿಕೊಂಡು ಬಂದು ಗೆರೆ ದಾಟಿ ಗೆದ್ದ. ವೇಗ ಗಂಟೆಗೆ ಸುಮಾರು 30 ಕಿ.ಮೀ. ಇದ್ದಿರಬೇಕು, ಅಷ್ಟೇ. ಅಂಥ ಹೊತ್ತಿನಲ್ಲೂ ಎಡಗಾಲು ಏನು ಮಾಡಬೇಕು ಅಂತ ಗೊತ್ತಿರಬೇಕಾದರೆ, ಬಾನೆಟ್ ಕೆಳಗೆ ಏನಾಗುತ್ತಿದೆ ಅನ್ನೋದು ಮೊದಲೇ ತಲೆಯಲ್ಲಿ ಕೂತಿರಬೇಕು.

ಅರ್ನ್‌ಹಾರ್ಟ್, ರಿಚರ್ಡ್ ಪೆಟ್ಟಿ ಹಾಗೇ ಏಳು ಸಲ ಚಾಂಪಿಯನ್ ಆದ ಮೂರನೆಯವನು ಜಿಮ್ಮಿ ಜಾನ್ಸನ್. ಅವನ ಕತೆ ನಿನಗೇ ಬಾಯಿಪಾಠ, ಬಿಡು. ಒಂದೇ ಸಲ ಚಾಂಪಿಯನ್ ಆದ ಆಲನ್ ಕುಲ್ವಿಕಿ ಬಗ್ಗೆ ಮಾತ್ರ ನೀನು ಒಂದು ಸಲವೂ ಮಾತಾಡಿಲ್ಲ. ನನ್ನ ಮಟ್ಟಿಗೆ ನಿನಗೆ ಬೇಕಾದ ಗುರು ಅವನೇ.

ವಿಸ್ಕಾನ್ಸಿನ್‌ನವನು. ಮಿಲ್‌ವಾಕಿಯಲ್ಲಿ ಇಂಜಿನಿಯರಿಂಗ್ ಡಿಗ್ರಿ ಮುಗಿಸಿ, ಆಮೇಲೆ ಈ ಕಡೆ ಬಂದ. ದೊಡ್ಡ ಟೀಮಿನ ಮಾಲೀಕ ಜೂನಿಯರ್ ಜಾನ್ಸನ್ ಕರೆದರೂ ಹೋಗಲಿಲ್ಲ. ಸ್ವಂತ ಟೀಮ್ ಇಟ್ಟುಕೊಂಡ. ದುಡ್ಡೂ ಕಡಿಮೆ, ಜನವೂ ಕಡಿಮೆ. ಆಗ ವರ್ಷದ ಎಲ್ಲ ರೇಸುಗಳ ಪಾಯಿಂಟ್ ಕೂಡಿಸಿ ಚಾಂಪಿಯನ್ ಯಾರು ಅಂತ ನೋಡುತ್ತಿದ್ದರು. 1992ರಲ್ಲಿ ಇನ್ನು ಆರೇ ರೇಸ್ ಉಳಿದಾಗ ಅವನು 278 ಪಾಯಿಂಟ್ ಹಿಂದೆ ಬಿದ್ದಿದ್ದ. ಅಲ್ಲಿಂದ ಒಂದೊಂದೇ ರೇಸಿನಲ್ಲಿ ಮೇಲೆ ಬಂದು, ಅಟ್ಲಾಂಟಾದ ಕೊನೇ ರೇಸ್ ಹೊತ್ತಿಗೆ ಸ್ಪರ್ಧೆಯಲ್ಲಿ ಉಳಿದುಕೊಂಡ.

ಎದುರಿಗೆ ಬಿಲ್ ಎಲಿಯಟ್. ಒಟ್ಟು 328 ಲ್ಯಾಪ್. ಆಗಿನ ನಿಯಮದಲ್ಲಿ ಅತಿ ಹೆಚ್ಚು ಲ್ಯಾಪ್ ಮುಂದೆ ಇದ್ದವನಿಗೆ ಐದು ಪಾಯಿಂಟ್ ಬೋನಸ್. ಕುಲ್ವಿಕಿ ಟೀಮ್ ರೇಸ್ ನಡೆಯುತ್ತಿರುವಾಗಲೇ ಲೆಕ್ಕ ಹಾಕುತ್ತಿತ್ತು: ಇನ್ನೆಷ್ಟು ಲ್ಯಾಪ್ ಮುಂದೆ ಇದ್ದರೆ ಆ ಬೋನಸ್ ನಮ್ಮದು? ಅಷ್ಟು ಕೈಗೆ ಬರುವವರೆಗೂ ಇಂಧನ ಹಾಕಿಸೋಕೆ ಅವನು ಒಳಗೆ ಬರಲಿಲ್ಲ. ಕೊನೆಗೆ ಕುಲ್ವಿಕಿ 103, ಎಲಿಯಟ್ 102. ರೇಸ್ ಗೆದ್ದಿದ್ದು ಎಲಿಯಟ್, ಕುಲ್ವಿಕಿ ಎರಡನೆಯವನು. ವರ್ಷದ ಚಾಂಪಿಯನ್ ಮಾತ್ರ ಕುಲ್ವಿಕಿ, ಹತ್ತೇ ಪಾಯಿಂಟ್‌ನಲ್ಲಿ. ಆ ಒಂದು ಲ್ಯಾಪ್ ಎಲಿಯಟ್ ಕಡೆ ಹೋಗಿದ್ದರೆ ಬೋನಸ್ಸಿನ ಐದು ಪಾಯಿಂಟೂ ಅತ್ತ ಹೋಗಿ ಇಬ್ಬರೂ ಸಮ ಆಗುತ್ತಿದ್ದರು, ಆ ವರ್ಷ ಗೆಲುವು ಜಾಸ್ತಿ ಇದ್ದ ಎಲಿಯಟ್‌ಗೆ ಪಟ್ಟ ಸಿಗುತ್ತಿತ್ತು. ಮುಂದಿನ ಏಪ್ರಿಲ್‌ನಲ್ಲಿ ವಿಮಾನ ಬಿದ್ದು ಕುಲ್ವಿಕಿ ತೀರಿಹೋದ. ಬರೀ 38 ವರ್ಷ. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಮಾತು. ಇದರಲ್ಲಿ ಚೌಕಾಸಿ ಇಲ್ಲ. 2001ರ ಫೆಬ್ರವರಿ 18ರಂದು ಡೇಟೋನಾದ ಕೊನೇ ಲ್ಯಾಪಿನಲ್ಲಿ ಅರ್ನ್‌ಹಾರ್ಟ್ ಗೋಡೆಗೆ ಬಡಿದ. ತಲೆಬುರುಡೆಯ ಬುಡ ಬಿರಿದು ಪ್ರಾಣ ಹೋಯಿತು. ಹೆಲ್ಮೆಟ್ಟನ್ನು ಹಿಡಿದಿಟ್ಟು, ತಲೆ ಮುಂದಕ್ಕೆ ಎಗರದ ಹಾಗೆ ಮಾಡುವ ಹ್ಯಾನ್ಸ್ ಅನ್ನುವ ಸಾಧನ ಅಷ್ಟೊತ್ತಿಗಾಗಲೇ ಇತ್ತು. ಅವನಿಗೆ ಅದು ಇಷ್ಟವಿರಲಿಲ್ಲ, ಹಾಕಿರಲಿಲ್ಲ. ಅಕ್ಟೋಬರ್‌ನಲ್ಲಿ ಅಂಥ ಸಾಧನ ಕಡ್ಡಾಯವಾಯಿತು, ಆಮೇಲೆ ಪೆಟ್ಟು ಹೀರುವ ಗೋಡೆಗಳೂ ಬಂದವು. ಅಲ್ಲಿಂದ ಈಚೆಗೆ ಕಪ್ ರೇಸಿನಲ್ಲಿ, ಅಂದರೆ ನಾಸ್ಕಾರ್‌ನ ಮೇಲಿನ ದರ್ಜೆಯಲ್ಲಿ, ಒಬ್ಬ ಡ್ರೈವರೂ ಸತ್ತಿಲ್ಲ. ಹ್ಯಾನ್ಸ್ ಮಾಡಿದ್ದು ಯಾರು ಅಂದುಕೊಂಡೆ? ರಾಬರ್ಟ್ ಹಬರ್ಡ್ ಅನ್ನುವ ಇಂಜಿನಿಯರಿಂಗ್ ಮೇಷ್ಟ್ರು, ರೇಸ್ ಓಡಿಸುತ್ತಿದ್ದ ಭಾವಮೈದ ಜಿಮ್ ಡೌನಿಂಗ್ ಜೊತೆ ಸೇರಿ. ನೀನು ಯಾವ ಕಾರಿನಲ್ಲಿ ಕೂತರೂ ಅದನ್ನು ಹಾಕಿಕೊಂಡೇ ಕೂರಬೇಕು. ಬೆವರುತ್ತದೆ, ಕುತ್ತಿಗೆ ತಿರುಗಲ್ಲ ಅನ್ನಬೇಡ.

ಈಗ ಮಾಡಬೇಕಾದದ್ದು ಕೇಳು. ಉಳಿದ ಎರಡು ಸೆಮಿಸ್ಟರ್ ಮುಗಿಸು. ವಿದ್ಯಾರ್ಥಿಗಳೇ ರೇಸ್ ಕಾರು ಕಟ್ಟಿ ಸ್ಪರ್ಧಿಸುವ ಫಾರ್ಮುಲಾ ಸ್ಟೂಡೆಂಟ್ ಇದೆಯಲ್ಲ, ಕಾಲೇಜಿನ ಆ ಟೀಮ್ ಸೇರು. ಕಾರು ಓಡಿಸೋ ಸರದಿ ಸಿಗದಿದ್ದರೆ ಸಸ್ಪೆನ್ಷನ್ ಕೆಲಸ ಹಿಡಿ, ಬೇಸರ ಬೇಡ. ರಜೆಯಲ್ಲಿ ಕೊಯಮತ್ತೂರಿನ ಕರಿ ಟ್ರ್ಯಾಕಿಗೆ ಹೋಗು, ಖರ್ಚು ನನ್ನದು. ಇಲ್ಲಿ ಶಾರ್ಲೆಟ್ ಯೂನಿವರ್ಸಿಟಿಯಲ್ಲಿ ಮೋಟರ್‌ಸ್ಪೋರ್ಟ್ಸ್ ಇಂಜಿನಿಯರಿಂಗ್ ಕಲಿಸುತ್ತಾರೆ. ಅರ್ಜಿಗೆ ಏನೇನು ಬೇಕು ಅಂತ ವಿಚಾರಿಸಿ ಬರೆಯುತ್ತೇನೆ. ಈವರೆಗಿನ ಮಾರ್ಕ್ಸ್ ಕಾರ್ಡ್‌ಗಳ ಫೋಟೋ ತೆಗೆದು ಕಳಿಸು. ಬ್ಯಾಕ್ ಇರೋದೂ ಸೇರಿ ಎಲ್ಲ ಕಳಿಸು, ಮುಚ್ಚಿಡಬೇಡ.

ಅಕ್ಕ, ಭಾವನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಪ್ರೀತಿಯ,
ಮಾವ